ಗಾಜಿಯಾಬಾದಿಗೆ ಹೋದ ಬೆಂಗಳೂರು: ಒಂದು ಸೊನ್ನೆಯ ಚರಿತ್ರೆ

ಮೊನ್ನೆ ಭಾನುವಾರ ಲಾಫ್ಟಿನಿಂದ ಹಳೇ ಸೂಟ್‌ಕೇಸು ಇಳಿಸಿ ಧೂಳು ಹೊಡೆಯುತ್ತಿದ್ದೆ. ತಳದಲ್ಲಿ ಒಂದು ಬಿಲ್ಟಿ ಸಿಕ್ಕಿತು. ಬಿಲ್ಟಿ ಅಂದರೆ ಲಾರಿಗೆ ಸಾಮಾನು ಹಾಕಿದಾಗ ಕೊಡುವ ರಸೀದಿ. ದೆಹಲಿಗೆ ಬಂದ ಮೇಲೆ ಕಲಿತ ಪದಗಳಲ್ಲಿ ಇದೂ ಒಂದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಮಸುಕು ಅಕ್ಷರ. ಜುಲೈ 1996. ಕಳಿಸಿದವರು ಆರ್.ಕೆ. ಪುರಂನ ಒಬ್ಬ ರಾಯರು. ತಲುಪಬೇಕಾದ ವಿಳಾಸ ಬೆಂಗಳೂರು, ಬಸವನಗುಡಿ. ಆದರೆ ಮೇಲ್ಗಡೆ ದಪ್ಪಕ್ಷರದಲ್ಲಿ ಶಾಖೆಯ ಹೆಸರು... ಗಾಜಿಯಾಬಾದ್!

"ಇದನ್ನ ಇನ್ನೂ ಇಟ್ಕೊಂಡಿದೀರಾ?" ಅಂದಳು ಹೆಂಡತಿ. ಇಟ್ಟುಕೊಂಡಿದ್ದೇನೆ. ಯಾಕೆಂದರೆ ಆ ಬಿಲ್ಟಿಯನ್ನು ಅಚ್ಚು ಹಾಕಿದ ಪ್ರೋಗ್ರಾಮು ಬರೆದವನು ನಾನೇ.

ಕಥೆ ಹೀಗಿದೆ. 1989ರಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ನವದೆಹಲಿ ಸ್ಟೇಷನ್ನಿನಲ್ಲಿ ಇಳಿದವನು, ಆರೇಳು ವರ್ಷ ಅಲ್ಲಿ ಇಲ್ಲಿ ಮಣ್ಣು ಹೊತ್ತು, ನೆಹರೂ ಪ್ಲೇಸಿನ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಮೂರು ಜನ, ಎರಡು ಕಂಪ್ಯೂಟರ್, ಒಂದು ಕೂಲರ್. ಒಂದು ಲಾರಿ ಟ್ರಾನ್ಸ್‌ಪೋರ್ಟ್‌ನವರಿಗೆ ಬಿಲ್ಟಿ ಅಚ್ಚು ಹಾಕುವ ಪ್ರೋಗ್ರಾಮು ಬೇಕಾಗಿತ್ತು. ಶಾಖೆಗಳಿಗೆ ಹೊಸದಾಗಿ ಸಂಖ್ಯೆ ಕೊಡುವುದು ಯಾಕೆ, ಎಸ್‌ಟಿಡಿ ಕೋಡನ್ನೇ ಬಳಸೋಣ ಅಂತ ನಾನೇ ಬುದ್ಧಿವಂತಿಕೆ ತೋರಿಸಿದೆ. ಗುಮಾಸ್ತರಿಗೆ ಅವೆಲ್ಲ ಬಾಯಿಪಾಠ. ದೆಹಲಿ 011, ಗಾಜಿಯಾಬಾದ್ 0120, ಗುಡಗಾಂವ್ 0124, ಮುಂಬೈ 022, ಬೆಂಗಳೂರು 080. ಸಿ ಭಾಷೆಯಲ್ಲಿ ಒಂದು ಪಟ್ಟಿ ಮಾಡಿ, ಕೋಡುಗಳನ್ನು ಸಂಖ್ಯೆಗಳಾಗಿ ಬರೆದು, ಮುಂದೆ ಊರಿನ ಹೆಸರೂ ದರವೂ ಹಾಕಿದೆ. ಉತ್ತರದಿಂದ ದಕ್ಷಿಣಕ್ಕೆ, ಹತ್ತಿರದ ಊರಿನಿಂದ ದೂರದ ಊರಿಗೆ.

ಕಂಪೈಲ್ ಮಾಡಿದರೆ ಬೆಂಗಳೂರಿನ ಸಾಲಿಗೆ ತಕರಾರು. 080 ಎಂಬುದು ಸರಿಯಾದ ಸಂಖ್ಯೆಯೇ ಅಲ್ಲವಂತೆ! ಹುಬ್ಬಳ್ಳಿಯ 0836, ಮಂಗಳೂರಿನ 0824, ಇವಕ್ಕೂ ಅದೇ ತಕರಾರು. ಸೊನ್ನೆ ತೆಗೆದು 80, 836, 824 ಅಂತ ಬರೆದೆ, ಕಂಪೈಲರ್ ಸುಮ್ಮನಾಯಿತು. ಆಮೇಲೆ ಪರೀಕ್ಷೆ ಮಾಡುವಾಗ 011 ಒತ್ತಿದರೆ "ಇಂಥ ಊರಿಲ್ಲ" ಅಂತ ಬಂತು. 022, 033, 044ಕ್ಕೂ ಹಾಗೇ. ಈ ಸೊನ್ನೆಗೆ ಏನೋ ಕಾಯಿಲೆ ಅಂದುಕೊಂಡು ಆ ನಾಲ್ಕು ಸಾಲುಗಳ ಸೊನ್ನೆಯನ್ನೂ ಕಿತ್ತೆ. ಎಲ್ಲ ಸರಿಹೋಯಿತು. ಗಾಜಿಯಾಬಾದ್, ಗುಡಗಾಂವ್ ಎರಡನ್ನು ಮಾತ್ರ ಮುಟ್ಟಲಿಲ್ಲ. ಪರೀಕ್ಷೆಯನ್ನೂ ಮಾಡಲಿಲ್ಲ. ಪಕ್ಕದ ಊರುಗಳಿಗೆ ಗುಮಾಸ್ತ ಕೈಯಲ್ಲೇ ಬಿಲ್ಟಿ ಬರೆಯುತ್ತಿದ್ದ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಅದೇ ಸಮಯಕ್ಕೆ ಟ್ರಾನ್ಸ್‌ಪೋರ್ಟ್‌ನವರು ಬೆಂಗಳೂರಿಗೂ ಲಾರಿ ಬಿಡಲು ಶುರು ಮಾಡಿದರು. ಅದೇ ಸಮಯಕ್ಕೆ ಆರ್.ಕೆ. ಪುರಂನ ರಾಯರು ರಿಟೈರ್ ಆದರು. ಬ್ರಹ್ಮಚಾರಿಯಾಗಿದ್ದ ನನಗೆ ಯುಗಾದಿಯ ಹೋಳಿಗೆ, ಗೌರಿಹಬ್ಬದ ಕಡುಬು ಹಾಕಿದ ಮನೆ ಅದು. ಮೂವತ್ತು ವರ್ಷದ ಸರ್ಕಾರಿ ಕ್ವಾರ್ಟರ್ಸ್ ಖಾಲಿ ಮಾಡಿ ಊರಿಗೆ ಹೊರಟಿದ್ದರು. "ರಾಯರೇ, ನಮ್ಮ ಕಸ್ಟಮರೇ ಇದ್ದಾರೆ, ಅವರ ಹತ್ರ ಹಾಕಿ, ಎಲ್ಲಾ ಕಂಪ್ಯೂಟರ್ ಬಿಲ್ಲು" ಅಂತ ಜಂಬದಿಂದ ಹೇಳಿ ಕಳಿಸಿದೆ. ಹದಿನೇಳು ಡಬ್ಬ ಸಾಮಾನು. ಗುಮಾಸ್ತ 080 ಒತ್ತಿದ. ಬಿಲ್ಟಿ ಬಂತು. "ಪರವಾಗಿಲ್ಲಪ್ಪಾ, ಬಹಳ ಕಮ್ಮಿ ತಗೊಂಡ್ರು" ಅಂತ ರಾಯರು ಖುಷಿಯಾಗಿ ರೈಲು ಹತ್ತಿದರು.

ಒಂಬತ್ತನೇ ದಿನ ರಾತ್ರಿ ಹನ್ನೊಂದರ ಮೇಲೆ, ಎಸ್‌ಟಿಡಿ ದರ ಕಾಲು ಭಾಗಕ್ಕೆ ಇಳಿಯುವ ಹೊತ್ತಿಗೆ, ಅವರ ಫೋನು. "ಏನಪ್ಪಾ, ನಿಮ್ಮ ಕಂಪ್ಯೂಟರಿಗೆ ಬೆಂಗಳೂರು ಗೊತ್ತಿಲ್ವಾ?" ಸಾಮಾನು ಗಾಜಿಯಾಬಾದಿನ ಗೋಡೌನಿನಲ್ಲಿ ಕೂತಿತ್ತು. ಕೂಲಿಯವರು ಕೆಳಗಿನ ವಿಳಾಸ ಓದುವುದಿಲ್ಲ, ಮೇಲಿನ ದಪ್ಪಕ್ಷರ ನೋಡಿ ಲಾರಿಗೆ ಹಾಕುತ್ತಾರೆ. ಜುಲೈ ತಿಂಗಳ ಮಳೆ, ಸೋರುವ ತಗಡು. ಹದಿನೈದು ಡಬ್ಬ ಚೆನ್ನಾಗಿಯೇ ಇದ್ದವು. ಎರಡರಲ್ಲಿ ನೀರು ಇಳಿದಿತ್ತು. ಒಂದರಲ್ಲಿ ಹಾಸಿಗೆ. ಇನ್ನೊಂದರಲ್ಲಿ ರಾಯರ ತಂದೆ ಊರಿಂದ ಬರೆದ ಕಾಗದಗಳು. ಮಸಿ ಪೆನ್ನಿನಲ್ಲಿ ಬರೆದದ್ದು... ಮಸಿ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಸೊನ್ನೆಗೆ ಇಬ್ಬರು ಒಡೆಯರು

ಮಾರನೇ ದಿನ ಆಫೀಸಿನಲ್ಲಿ ಕೂತು ಪಟ್ಟಿಯ ಒಂದೊಂದು ಸಾಲನ್ನೂ ಪರದೆಯ ಮೇಲೆ ಅಚ್ಚು ಹಾಕಿಸಿದೆ. ಗಾಜಿಯಾಬಾದಿನ ಮುಂದೆ 80 ಅಂತಿತ್ತು. ನಾನು ಬರೆದದ್ದು 0120!

ಸಿ ಭಾಷೆಯಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಹತ್ತರ ಲೆಕ್ಕದಲ್ಲಿ ಓದುವುದಿಲ್ಲ, ಎಂಟರ ಲೆಕ್ಕದಲ್ಲಿ ಓದುತ್ತಾರೆ. ಬಿಡಿ, ಹತ್ತು, ನೂರು ಅನ್ನುವ ಬದಲು ಬಿಡಿ, ಎಂಟು, ಅರವತ್ನಾಲ್ಕು. ಹಾಗಾಗಿ 0120 ಅಂದರೆ ಒಂದು ಅರವತ್ನಾಲ್ಕು, ಎರಡು ಎಂಟು, ಬಿಡಿ ಏನೂ ಇಲ್ಲ. ಕೂಡಿದರೆ 80. ಗುಮಾಸ್ತ ಒತ್ತಿದ 080 ಅನ್ನು ಪ್ರೋಗ್ರಾಮು ಹತ್ತರ ಲೆಕ್ಕದಲ್ಲೇ ಓದಿ 80 ಮಾಡಿಕೊಂಡಿತು, ಪಟ್ಟಿಯನ್ನು ಮೇಲಿಂದ ಹುಡುಕಿತು, ಮೊದಲು ಸಿಕ್ಕ 80 ಗಾಜಿಯಾಬಾದ್. ಬೆಂಗಳೂರಿನ ತನಕ ಅದು ಹೋಗಲೇ ಇಲ್ಲ.

ಕುತೂಹಲಕ್ಕೆ ಉಳಿದವನ್ನೂ ಲೆಕ್ಕ ಹಾಕಿ ನೋಡಿ. ದೆಹಲಿಯ 011 ಅಂದರೆ 9. ಮುಂಬೈನ 022 ಅಂದರೆ 18. ಕೋಲ್ಕತ್ತದ 033 ಅಂದರೆ 27. ಚೆನ್ನೈನ 044 ಅಂದರೆ 36. ಒಂಬತ್ತರ ಮಗ್ಗಿ! ಆದರೆ ನಮ್ಮ ಕರ್ನಾಟಕದ ಕೋಡುಗಳೆಲ್ಲ 08ರಿಂದ ಶುರು. ಎಂಟರ ಲೆಕ್ಕದಲ್ಲಿ ಎಂಟು ಎಂಬ ಅಂಕಿಯೇ ಇಲ್ಲವಲ್ಲ, ಸೊನ್ನೆಯಿಂದ ಏಳರವರೆಗೆ ಮಾತ್ರ. ಆದ್ದರಿಂದಲೇ ಕರ್ನಾಟಕದ ಊರುಗಳಿಗೆ ಕಂಪೈಲರ್ ಗಲಾಟೆ ಮಾಡಿತ್ತು, ಉಳಿದವು ಬಾಯಿ ಮುಚ್ಚಿಕೊಂಡು ತಪ್ಪಾಗಿದ್ದವು. ಗಲಾಟೆ ಮಾಡುವ ತಪ್ಪು ಒಳ್ಳೆಯದು ಅಂತ ಅವತ್ತು ತಿಳಿಯಿತು. ಸುಮ್ಮನಿರುವ ತಪ್ಪೇ ಮನೆ ಮುಳುಗಿಸುವುದು.

ಈ ಸೊನ್ನೆ ಬಂದದ್ದಾದರೂ ಎಲ್ಲಿಂದ? ಎರಡು ಕಡೆಯಿಂದ. ಭಾರತದಲ್ಲಿ ಎಸ್‌ಟಿಡಿ ಶುರುವಾದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರದ ನಡುವೆ. ಅಲ್ಲಿ ಮೊದಲ ಸೊನ್ನೆ ಊರಿನ ಕೋಡಿನ ಭಾಗವೇ ಅಲ್ಲ. "ನಾನು ಊರಾಚೆ ಮಾತಾಡಬೇಕು" ಅಂತ ಎಕ್ಸ್‌ಚೇಂಜಿಗೆ ಹೇಳುವ ಬಾಗಿಲ ತಟ್ಟು ಅದು. ಹೊರದೇಶದಿಂದ ಮಾಡುವಾಗ +91 ಆದ ಮೇಲೆ ಬರೀ 80 ಒತ್ತುವುದು ಅದಕ್ಕೇ.

ಇನ್ನೊಂದು ಸೊನ್ನೆ ಅಮೆರಿಕದ ಬೆಲ್ ಲ್ಯಾಬ್ಸಿನದು. 1969ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಶುರು ಮಾಡಿದ್ದು ಪಿಡಿಪಿ-7 ಎಂಬ ಯಂತ್ರದ ಮೇಲೆ. ಅದರ ಒಂದೊಂದು ಪದಕ್ಕೂ 18 ಬಿಟ್. ಮೂರು ಬಿಟ್ಟಿಗೆ ಎಂಟರ ಲೆಕ್ಕದ ಒಂದು ಅಂಕಿ, ಆರು ಅಂಕಿಗೆ ಸರಿಯಾಗಿ ಒಂದು ಪದ. ಎಂಟರ ಲೆಕ್ಕ ಅಲ್ಲಿ ದಿನಬಳಕೆಯ ಲೆಕ್ಕವಾಗಿತ್ತು. ಅದನ್ನು ಗುರುತಿಸಲು ಮುಂದೆ ಒಂದು ಸೊನ್ನೆ ಹಾಕುವ ಪದ್ಧತಿ ಥಾಂಪ್ಸನ್ನರ ಬಿ ಭಾಷೆಯಲ್ಲಿತ್ತು, ಅಲ್ಲಿಂದ ಸಿಗೆ ಬಂತು, ಸಿಯಿಂದ ಜಾವಾಕ್ಕೆ, ಜಾವಾಸ್ಕ್ರಿಪ್ಟಿಗೆ. ಪಿಡಿಪಿ-7 ಮ್ಯೂಸಿಯಂ ಸೇರಿ ಎಷ್ಟೋ ಕಾಲವಾಯಿತು, ಅದರ ಸೊನ್ನೆ ಮಾತ್ರ ಆರ್.ಕೆ. ಪುರಂನ ರಾಯರ ಸಾಮಾನನ್ನು ಗಾಜಿಯಾಬಾದಿಗೆ ಕಳಿಸಿತು!

ಜಾತಿ ಕೇಳದ ಭಾಷೆ

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಕಂಪ್ಯೂಟರಿನ ಒಳಗೆ ಇರುವುದೆಲ್ಲ ಸೊನ್ನೆ-ಒಂದುಗಳ ಸಾಲು. ಅದು ವಯಸ್ಸೋ, ಹಣವೋ, ಅಕ್ಷರವೋ ಅಂತ ಅದಕ್ಕೆ ಗೊತ್ತಿಲ್ಲ. "ಇದು ಸಂಖ್ಯೆ, ಇದು ಅಕ್ಷರ" ಅಂತ ಭಾಷೆ ಇಟ್ಟುಕೊಳ್ಳುವ ಗುರುತಿಗೇ ಟೈಪ್ ಅನ್ನುವುದು. ಅಡುಗೆಮನೆಯಲ್ಲಿ ಪಾವಿನಲ್ಲಿ ಅಕ್ಕಿ ಅಳೆಯುತ್ತೇವೆ, ಅಕ್ಕಸಾಲಿ ತೊಲದಲ್ಲಿ ಚಿನ್ನ ತೂಗುತ್ತಾನೆ. ಎರಡು ಪಾವಿಗೆ ಮೂರು ತೊಲ ಕೂಡಿಸಿ ಐದು ಅಂದರೆ ನಮ್ಮಜ್ಜಿ ನಕ್ಕಾಳು. ಟೈಪ್ ಸುರಕ್ಷತೆ ಅಂದರೆ ಆ ಅಜ್ಜಿಯನ್ನು ಪ್ರೋಗ್ರಾಮಿನ ಪಕ್ಕ ಕೂರಿಸುವುದು.

ಮಾರ್ಟಿನ್ ರಿಚರ್ಡ್ಸ್ 1967ರಲ್ಲಿ ರೂಪಿಸಿದ ಬಿಸಿಪಿಎಲ್ ಭಾಷೆಗೂ ಅದರ ಮಗಳಾದ ಬಿ ಭಾಷೆಗೂ ಈ ಅಜ್ಜಿ ಇರಲೇ ಇಲ್ಲ. ಎಲ್ಲವೂ ಒಂದೇ ಅಳತೆಯ ಪದ, ಒಂದೇ ಜಾತಿ. ಪಿಡಿಪಿ-11 ಬಂದಾಗ ಕಷ್ಟ ಶುರುವಾಯಿತು. ಅದು ಒಂದೊಂದು ಬೈಟನ್ನೂ ಬೇರೆಯಾಗಿ ಗುರುತಿಸುವ ಯಂತ್ರ. ಅಕ್ಷರಕ್ಕೆ ಬೇರೆ ಅಳತೆ, ಸಂಖ್ಯೆಗೆ ಬೇರೆ ಅಳತೆ. ಆಗ ಡೆನಿಸ್ ರಿಚಿ ಬಿ ಭಾಷೆಗೆ ಟೈಪುಗಳನ್ನು ಸೇರಿಸಿದರು. 1971ರಿಂದ 1973ರ ಹೊತ್ತಿಗೆ ಅದು ಸಿ ಆಯಿತು.

ಆದರೆ ಹಳೇ ಅಭ್ಯಾಸ ಬಿಡುತ್ತದೆಯೇ? ಸಿ ಬರೆಯುವವರು ಸಂಖ್ಯೆಯನ್ನೂ ವಿಳಾಸವನ್ನೂ (ಪಾಯಿಂಟರ್ ಅಂತಾರಲ್ಲ, ಅದು) ಮನಸ್ಸು ಬಂದಂತೆ ಅದಲುಬದಲು ಮಾಡುತ್ತಿದ್ದರು. ಪಿಡಿಪಿ-11ರಲ್ಲಿ ಎರಡಕ್ಕೂ 16 ಬಿಟ್, ಯಾರೂ ಕೇಳುವವರಿಲ್ಲ. 1977ರಲ್ಲಿ ಯುನಿಕ್ಸನ್ನು ಇಂಟರ್‌ಡೇಟಾ 8/32 ಎಂಬ 32 ಬಿಟ್ಟಿನ ಯಂತ್ರಕ್ಕೆ ಸಾಗಿಸಲು ಹೊರಟಾಗ ಈ ಸಲಿಗೆಗಳೆಲ್ಲ ಒಂದೊಂದಾಗಿ ಮುರಿದುಬಿದ್ದವು. ಆ ಕೆಲಸದಲ್ಲಿ ರಿಚಿ ಜೊತೆಗಿದ್ದವರು ಸ್ಟೀವ್ ಜಾನ್ಸನ್. ಯಾಕ್ ಎಂಬ ಸಾಧನವನ್ನೂ ಒಂದೆಡೆಯಿಂದ ಇನ್ನೊಂದೆಡೆಗೆ ಸುಲಭವಾಗಿ ಸಾಗಿಸಬಲ್ಲ ಸಿ ಕಂಪೈಲರನ್ನೂ ಮಾಡಿದವರು. ಅವರು 1978ರಲ್ಲಿ ಬರೆದ ಪ್ರೋಗ್ರಾಮೇ ಲಿಂಟ್.

ಲಿಂಟ್ ಅಂದರೆ ಬಟ್ಟೆಗೆ ಅಂಟಿಕೊಂಡಿರುವ ಹತ್ತಿಯ ಎಳೆ, ನೂಲಿನ ಚೂರು. ಬಟ್ಟೆ ಹರಿದಿಲ್ಲ, ಉಟ್ಟುಕೊಳ್ಳಬಹುದು, ಆದರೂ ಕೊಡವಬೇಕು. ನಮ್ಮ ಕಡೆ ಹೇಳಬೇಕೆಂದರೆ ಅಕ್ಕಿಯನ್ನು ಮೊರದಲ್ಲಿ ಕೇರಿ ಕಲ್ಲು ಆರಿಸುವ ಕೆಲಸ. ಅನ್ನ ಬೇಯಿಸುವುದು ಕಂಪೈಲರ್, ಕಲ್ಲು ಆರಿಸುವುದು ಲಿಂಟ್. ಯಾಕೆ ಎರಡು ಬೇರೆ? ಆ ಕಾಲದ ಯಂತ್ರಗಳಿಗೆ ಮೆಮೊರಿ ಚಿಕ್ಕದು, ವೇಗ ಕಮ್ಮಿ. ಕಂಪೈಲರ್ ಬೇಗ ಬೇಗ ಕೆಲಸ ಮುಗಿಸಲಿ, ಸಂಶಯದ ಕೆಲಸ ಬೇರೆಯವರು ಪುರುಸೊತ್ತಾಗಿ ಮಾಡಲಿ ಅಂತ ಜಾನ್ಸನ್ನರ ಲೆಕ್ಕ. ಒಂದು ಕಡತದಲ್ಲಿ ಸಂಖ್ಯೆ ಬೇಕು ಅಂತ ಬರೆದ ಫಂಕ್ಷನ್ನಿಗೆ ಇನ್ನೊಂದು ಕಡತದಿಂದ ವಿಳಾಸ ಕಳಿಸಿದರೆ ಕಂಪೈಲರ್ ಕೇಳುತ್ತಿರಲಿಲ್ಲ. ಲಿಂಟ್ ಎಲ್ಲ ಕಡತಗಳನ್ನೂ ಒಟ್ಟಿಗೆ ಓದಿ "ಇದು ಹೊಂದುವುದಿಲ್ಲ" ಅನ್ನುತ್ತಿತ್ತು. 1979ರಲ್ಲಿ ಯುನಿಕ್ಸಿನ ಏಳನೇ ಆವೃತ್ತಿಯ ಜೊತೆಗೆ ಅದು ಹೊರಗಿನ ಲೋಕಕ್ಕೆ ಬಂತು. ಮುಂದೆ 1989ರ ಆನ್ಸಿ ಸಿ ಫಂಕ್ಷನ್ನುಗಳ ಟೈಪನ್ನು ಮೊದಲೇ ಘೋಷಿಸುವ ಪದ್ಧತಿ ತಂದಾಗ ಆ ಪರಿಶೀಲನೆ ಕಂಪೈಲರಿನ ಒಳಗೇ ಸೇರಿತು. ಇವತ್ತು ಕಂಪೈಲರ್ ಕೊಡುವ ಎಷ್ಟೋ ಎಚ್ಚರಿಕೆಗಳು ಒಂದು ಕಾಲಕ್ಕೆ ಲಿಂಟಿನ ಗೊಣಗಾಟಗಳು.

ಇನ್ನೊಂದು ತಮಾಷೆ. 1978ರಲ್ಲಿ ಕರ್ನಿಗನ್ ಮತ್ತು ರಿಚಿ ಬರೆದ ಸಿ ಪುಸ್ತಕದ ಮೊದಲ ಆವೃತ್ತಿಯ ಪ್ರಕಾರ ಎಂಟರ ಲೆಕ್ಕದಲ್ಲೂ 8, 9 ಅಂಕಿ ಬರೆಯಬಹುದಿತ್ತು! ಅಂದರೆ 080 ಬರೆದರೆ ತಕರಾರಿಲ್ಲದೆ 64 ಆಗುತ್ತಿತ್ತು. ಆ ಸಲಿಗೆಯನ್ನು ಆನ್ಸಿ ತೆಗೆದುಹಾಕಿತು. ಕೊನೇ ಪಕ್ಷ ಬೆಂಗಳೂರಿನ ಸಾಲಿಗಾದರೂ ನನಗೆ ಎಚ್ಚರಿಕೆ ಬಂದದ್ದು ಆ ತಿದ್ದುಪಡಿಯ ಪುಣ್ಯ. ಅದನ್ನು ನಾನು ಓದಲಿಲ್ಲ, ಬಾಯಿ ಮುಚ್ಚಿಸಿದೆ.

ಇತ್ತ ದೆಹಲಿಯಲ್ಲಿ

ಲಿಂಟ್ ಹುಟ್ಟಿದ ಆಸುಪಾಸಿನಲ್ಲೇ ದೆಹಲಿಯಲ್ಲಿ ಕಂಪ್ಯೂಟರಿನ ಗಾಳಿ ಎದ್ದಿತ್ತು. 1976ರಲ್ಲಿ ಸರ್ಕಾರದ ಎನ್‌ಐಸಿ ಹುಟ್ಟಿತು, ಅದೇ ವರ್ಷ ಎಚ್‌ಸಿಎಲ್ ಹುಟ್ಟಿತು, ಅದೇ ವರ್ಷ ಯಮುನೆಯ ಆಚೆ ನೋಯ್ಡಾ ಎಂಬ ಊರೂ ಹುಟ್ಟಿತು. 1978ರಲ್ಲಿ ಐಬಿಎಂ ಭಾರತ ಬಿಟ್ಟಿತು; ಇಲ್ಲಿಯ ಕಂಪನಿಗಳಿಗೆ ಜಾಗವಾಯಿತು. 1981ರಲ್ಲಿ ಎನ್‌ಐಐಟಿ ಬಂತು. ಎಂಬತ್ತರ ದಶಕದ ನಡುವಿನಲ್ಲಿ ನವದೆಹಲಿಯ ರೈಲ್ವೆ ರಿಸರ್ವೇಶನ್ ಕಂಪ್ಯೂಟರಿಗೆ ಹೋಯಿತು. ನಮ್ಮಂಥವರಿಗೆ ಊರಿಗೆ ಟಿಕೆಟ್ ತೆಗೆಸಲು ರಾತ್ರಿಯಿಡೀ ಕ್ಯೂ ನಿಲ್ಲುವುದು ತಪ್ಪಿತು ಅಂತ ಹಿರಿಯರು ಹೇಳುತ್ತಿದ್ದರು.

ದೊಡ್ಡವರ ಹತ್ತಿರ ಯುನಿಕ್ಸ್ ಇತ್ತು, ಅದರ ಜೊತೆ ಲಿಂಟೂ ಇತ್ತು. ನೆಹರೂ ಪ್ಲೇಸಿನ ನಮ್ಮಂಥ ಸಣ್ಣವರ ಹತ್ತಿರ ಇದ್ದದ್ದು ಡಾಸ್, ಅದರ ಮೇಲೆ ಫ್ಲಾಪಿಯಲ್ಲಿ ಕೈಯಿಂದ ಕೈಗೆ ಬಂದ ಟರ್ಬೊ ಸಿ. ಅನ್ನ ಬೇಯಿಸುವ ಪಾತ್ರೆ ಬಂದಿತ್ತು, ಮೊರ ಬಂದಿರಲಿಲ್ಲ.

ನನ್ನ ತಪ್ಪಿನ ಹೆಸರು ಹಿಡಿದು ಕರೆದ ನಿಯಮ ಬಂದದ್ದು 1998ರಲ್ಲಿ. ಬ್ರಿಟನ್ನಿನ ಮೋಟಾರು ಉದ್ಯಮದ ಮಿಸ್ರಾ ಎಂಬ ಕೂಟ, ಕಾರಿನೊಳಗೆ ಓಡುವ ಸಿ ಪ್ರೋಗ್ರಾಮುಗಳಿಗಾಗಿ 127 ನಿಯಮಗಳನ್ನು ಪ್ರಕಟಿಸಿತು. ಅದರಲ್ಲಿ 19ನೆಯದು: ಸೊನ್ನೆಯೊಂದನ್ನು ಬಿಟ್ಟು ಎಂಟರ ಲೆಕ್ಕದ ಯಾವ ಸಂಖ್ಯೆಯನ್ನೂ ಬರೆಯಕೂಡದು. ಸೊನ್ನೆಯನ್ನು ಯಾಕೆ ಬಿಟ್ಟರು ಅಂದರೆ, ಸಿ ವ್ಯಾಕರಣದ ಪ್ರಕಾರ ಬರೀ 0 ಕೂಡ ಎಂಟರ ಲೆಕ್ಕದ ಸಂಖ್ಯೆಯೇ! ಕಾರಿನ ಬ್ರೇಕಿಗೆ ಮಾಡಿದ ನಿಯಮ, ಲಾರಿಯ ಬಿಲ್ಟಿಗೆ ಎರಡು ವರ್ಷ ತಡವಾಯಿತು.

ನನ್ನದು ಹದಿನೇಳು ಡಬ್ಬದ ತಪ್ಪು. ಅದೇ 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ ಹಾರಿದ ಒಂದು ನಿಮಿಷದೊಳಗೆ ಚೂರಾಗಿತ್ತು. 64 ಬಿಟ್ಟಿನ ದಶಾಂಶ ಸಂಖ್ಯೆಯನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ತುರುಕಲು ಹೋಗಿ, ಅದು ಹಿಡಿಸದೆ, ದಿಕ್ಕು ಹೇಳುವ ಕಂಪ್ಯೂಟರೇ ನಿಂತುಹೋಯಿತು. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ತಿರ ಕಳೆದುಹೋಯಿತು. ಒಂದು ಪ್ರೋಗ್ರಾಮು ಪೌಂಡಿನ ಲೆಕ್ಕದಲ್ಲಿ ಬಲ ಹೇಳಿತು, ಇನ್ನೊಂದು ಅದನ್ನು ನ್ಯೂಟನ್ ಅಂತ ಓದಿಕೊಂಡಿತು. ನಾಲ್ಕೂವರೆಯಷ್ಟು ವ್ಯತ್ಯಾಸ. ಪಾವು-ತೊಲ ಕೂಡಿಸಿದ ಲೆಕ್ಕವೇ.

ಬೆಂಗಳೂರು ಸೊನ್ನೆಯಾದದ್ದು

1995ರ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಕಟ್ಟಿದರು. ಇದು ಬಹಳ ಉಪಕಾರಿ ಭಾಷೆ. ಸಂಖ್ಯೆಗೆ ಅಕ್ಷರ ಕೂಡಿಸಿದರೂ ಬೇಡ ಅನ್ನುವುದಿಲ್ಲ. ಅಕ್ಷರದ "1"ಕ್ಕೆ ಸಂಖ್ಯೆಯ 1 ಕೂಡಿಸಿದರೆ "11" ಅನ್ನುತ್ತದೆ. ಅಕ್ಷರಗಳನ್ನು ಸಂಖ್ಯೆಯಾಗಿ ಓದುವ ಪಾರ್ಸ್‌ಇಂಟ್ ಅಂತ ಒಂದು ಫಂಕ್ಷನ್ ಇದೆ. 2000ದ ದಶಕದ ಎಷ್ಟೋ ಬ್ರೌಸರುಗಳಲ್ಲಿ ಅದಕ್ಕೆ "080" ಕೊಟ್ಟರೆ, ಮುಂದಿನ ಸೊನ್ನೆ ನೋಡಿ ಎಂಟರ ಲೆಕ್ಕಕ್ಕೆ ಇಳಿದು, 8 ಬಂದ ಕೂಡಲೇ ಓದು ನಿಲ್ಲಿಸಿ 0 ಅಂತ ಉತ್ತರ ಕೊಡುತ್ತಿತ್ತು. ಸಿಯಲ್ಲಿ ಬೆಂಗಳೂರು ಗಾಜಿಯಾಬಾದಾಗಿತ್ತು, ಇಲ್ಲಿ ಸೊನ್ನೆಯೇ ಆಯಿತು!

ಡಗ್ಲಸ್ ಕ್ರಾಕ್‌ಫರ್ಡ್ 2002ರಲ್ಲಿ ಜೆಎಸ್‌ಲಿಂಟ್ ಮಾಡಿದರು. ಜಾನ್ಸನ್ನರ ಮೊರ ಹೊಸ ಅಕ್ಕಿಗೆ ಬಂತು. ಅದು ಬಹಳ ಕಟ್ಟುನಿಟ್ಟು, ಮೇಷ್ಟ್ರು ಹೇಳಿದ್ದೇ ಸರಿ. 2013ರಲ್ಲಿ ನಿಕೊಲಸ್ ಝಾಕಸ್ ಶುರು ಮಾಡಿದ ಇಎಸ್‌ಲಿಂಟ್‌ನಲ್ಲಿ ಪ್ರತಿ ನಿಯಮವನ್ನೂ ಬೇಕಾದರೆ ಹಾಕಬಹುದು, ಬೇಡವಾದರೆ ತೆಗೆಯಬಹುದು, ನಮ್ಮದೇ ನಿಯಮವನ್ನೂ ಬರೆದು ಸೇರಿಸಬಹುದು. ಸೊನ್ನೆ ಮುಂದಿಟ್ಟ ಸಂಖ್ಯೆ ಬೇಡ ಅನ್ನುವ ನಿಯಮ ಅದರಲ್ಲಿದೆ. ಪಾರ್ಸ್‌ಇಂಟ್ ಬಳಸಿದರೆ ಹತ್ತರ ಲೆಕ್ಕವೋ ಎಂಟರ ಲೆಕ್ಕವೋ ಅಂತ ಬಾಯಿಬಿಟ್ಟು ಹೇಳು ಅನ್ನುವ ನಿಯಮವೂ ಇದೆ. ಭಾಷೆಗಳೂ ತಿದ್ದಿಕೊಂಡವು. ಪೈಥಾನ್ 2008ರಲ್ಲಿ ಮೂರನೇ ಆವೃತ್ತಿಯಲ್ಲಿ 011 ಬರೆಯುವುದನ್ನೇ ನಿಷೇಧಿಸಿತು. ಜಾವಾಸ್ಕ್ರಿಪ್ಟ್ 2009ರಲ್ಲಿ ತನ್ನ ಕಟ್ಟುನಿಟ್ಟಿನ ಬಗೆಯಲ್ಲಿ ನಿಷೇಧಿಸಿತು, ಪಾರ್ಸ್‌ಇಂಟ್ ಅನ್ನೂ ಸರಿಮಾಡಿತು. ಜಾವಾದಲ್ಲಿ ಮಾತ್ರ 011 ಇಂದಿಗೂ ಒಂಬತ್ತೇ.

2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಟೈಪ್‌ಸ್ಕ್ರಿಪ್ಟ್ ಹೊರತಂದಿತು. ಜಾವಾಸ್ಕ್ರಿಪ್ಟಿಗೆ ಅಜ್ಜಿಯನ್ನು ತಂದು ಕೂರಿಸಿದ ಹಾಗೆ. ಆದರೆ ಹಳೇ ಕೋಡು ಇದ್ದವರು ಒಂದೇ ದಿನದಲ್ಲಿ ಬದಲಾಗಲಾರರು ಅಂತ ಅದರಲ್ಲಿ "ಎನಿ" ಎಂಬ ಒಂದು ಟೈಪ್ ಇಟ್ಟರು. "ಏನಾದರೂ ಆಗಲಿ ಬಿಡು" ಅಂತ. ಸರ್ಕಾರಿ ಅರ್ಜಿಯ "ಇತರೆ" ಕಾಲಮ್ಮಿನ ಹಾಗೆ, ಅದರೊಳಗೆ ಏನನ್ನು ತುರುಕಿದರೂ ಕೇಳುವವರಿಲ್ಲ. ಅದು ಅಂಟುರೋಗ ಬೇರೆ. ಒಂದು ಕಡೆ ಎನಿ ಬರೆದರೆ, ಅದರಿಂದ ಹುಟ್ಟಿದ್ದೆಲ್ಲ ಎನಿಯೇ ಆಗುತ್ತಾ ಹೋಗುತ್ತದೆ. ಕಂಪೈಲರ್ ಕಣ್ಣು ಮುಚ್ಚಿಕೊಳ್ಳುತ್ತದೆ. ಇಲ್ಲೇ ಮತ್ತೆ ಲಿಂಟ್ ಬೇಕಾದದ್ದು. ಎನಿ ಅಂತ ಕೈಯಾರೆ ಬರೆಯಬೇಡ ಅನ್ನುವುದು ಒಂದು ನಿಯಮ. ಎನಿಯಿಂದ ಬಂದದ್ದನ್ನು ಟೈಪ್ ಇರುವ ಜಾಗಕ್ಕೆ ಸುರಿಯಬೇಡ ಅನ್ನುವುದು ಇನ್ನೊಂದು. ಈ ಎರಡನೆಯದು ಬರೀ ಅಕ್ಷರ ನೋಡಿ ಹೇಳುವುದಲ್ಲ, ಕಂಪೈಲರನ್ನೇ ಕೇಳಿ ಪ್ರತಿಯೊಂದರ ಟೈಪ್ ತಿಳಿದುಕೊಂಡು ಹೇಳುವುದು. ಕಂಪೈಲರ್ ಮನ್ನಿಸಿದ್ದನ್ನು ಲಿಂಟ್ ಮನ್ನಿಸುವುದಿಲ್ಲ. ಜಾನ್ಸನ್ 1978ರಲ್ಲಿ ಮಾಡಿದ ಕೆಲಸದ ಹಂಚಿಕೆಯೇ, ಯಂತ್ರ ಮಾತ್ರ ಹೊಸದು.

ಕನ್ನಡ ಪಂಡಿತರ ಲಿಂಟ್

ಇದನ್ನೆಲ್ಲ ಓದುವಾಗ ನನಗೆ ಹೈಸ್ಕೂಲಿನ ಕನ್ನಡ ಪಂಡಿತರು ನೆನಪಾಗುತ್ತಾರೆ. ಅರಿಸಮಾಸ ಅಂತ ಪಾಠ ಮಾಡಿದ್ದರು, ನಿಮಗೂ ಮಾಡಿರುತ್ತಾರೆ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡಬಾರದು. ಬಿಸಿನೀರು ಅನ್ನಿ, ಉಷ್ಣೋದಕ ಅನ್ನಿ, "ಬಿಸಿಯುದಕ" ಅನ್ನಬೇಡಿ. ಒಂಬತ್ತನೇ ಶತಮಾನದ ಕವಿರಾಜಮಾರ್ಗವೇ ಈ ಬೆರಕೆಯನ್ನು ಹಾಲಿಗೆ ಮಜ್ಜಿಗೆ ಬಿದ್ದದ್ದಕ್ಕೆ ಹೋಲಿಸುತ್ತದೆ. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇದನ್ನು ಸೂತ್ರಕ್ಕೆ ಕಟ್ಟಿದ. ಎರಡು ಜಾತಿಯ ಪದ ಬೆರೆಸಬೇಡ ಅನ್ನುವ ನಿಯಮ, ಮಾತು ನಿಲ್ಲುವುದಿಲ್ಲ, ಆದರೆ ದೋಷ ಅಂತ ತೋರಿಸುತ್ತದೆ. ಇದು ಲಿಂಟ್ ಅಲ್ಲದೆ ಇನ್ನೇನು?

ಅದಕ್ಕಿಂತ ಮುಖ್ಯ, ವ್ಯಾಕರಣದವರು ವಿನಾಯಿತಿಯನ್ನೂ ಹೇಳಿಟ್ಟರು. ಬಿರುದಾವಳಿಯಲ್ಲಿ ದೋಷವಲ್ಲ, ಕ್ರಿಯಾಸಮಾಸದಲ್ಲಿ ದೋಷವಲ್ಲ, ಗಮಕಸಮಾಸದಲ್ಲಿ ದೋಷವಲ್ಲ. ನಿಯಮ ಮುರಿಯಬಹುದು, ಆದರೆ ಎಲ್ಲಿ, ಯಾಕೆ ಅಂತ ಹೇಳಿ ಮುರಿಯಬೇಕು. ಇವತ್ತಿನ ಟೈಪ್‌ಸ್ಕ್ರಿಪ್ಟ್ ಲಿಂಟಿನಲ್ಲೂ ಇಂಥದೇ ಒಂದು ನಿಯಮವಿದೆ: ಕಂಪೈಲರಿನ ಬಾಯಿ ಮುಚ್ಚಿಸಬೇಕಾದರೆ ಪಕ್ಕದಲ್ಲಿ ಕಾರಣ ಬರೆ.

ಈಗ ನಾನು ನೋಯ್ಡಾದ ಒಂದು ಕಂಪನಿಯಲ್ಲಿದ್ದೇನೆ. ರಿಟೈರ್ ಆಗಲು ಹೆಚ್ಚು ವರ್ಷವಿಲ್ಲ. ನಮ್ಮ ತಂಡದಲ್ಲಿ ಲಿಂಟ್ ನಿಯಮ ನೋಡಿಕೊಳ್ಳುವ ಕೆಲಸ ನನ್ನದು. ಹುಡುಗರು ಬೇಸರ ಮಾಡಿಕೊಳ್ಳುತ್ತಾರೆ. ಹೋದ ತಿಂಗಳು ಧಾರವಾಡದ ಹುಡುಗನೊಬ್ಬ ಒಂದೇ ಕಡತದಲ್ಲಿ ಆರು ಕಡೆ ಎನಿ ಬರೆದು, ನಿಯಮವನ್ನೂ ಆಫ್ ಮಾಡಿ ಕಳಿಸಿದ್ದ. "ಸರ್, ಕೆಲ್ಸ ಮಾಡ್ತದಲ್ರೀ, ಮತ್ತ್ಯಾಕ ಇದು?" ಅಂದ. "ಕೆಲ್ಸ ಮಾಡ್ತದಪ್ಪಾ, ಗಾಜಿಯಾಬಾದ್ ತನಕ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಟೀ ಕುಡಿಯುತ್ತಾ ರಾಯರ ಕಥೆ ಹೇಳಿದೆ. ಮಾರನೇ ದಿನ ಆರರಲ್ಲಿ ಐದು ಎನಿ ಹೋಗಿದ್ದವು. ಆರನೆಯದರ ಪಕ್ಕ ಎರಡು ಸಾಲು ಕಾರಣ ಬರೆದಿದ್ದ. ಸರಿಯಾದ ಕಾರಣವೇ.

ಅತಿಯಾದರೂ ಕೆಟ್ಟದ್ದು, ಅದನ್ನೂ ಹೇಳಬೇಕು. ಒಂದೇ ದಿನ ನೂರು ನಿಯಮ ಹಾಕಿ ಸಾವಿರ ಎಚ್ಚರಿಕೆ ಬರಿಸಿದರೆ ಯಾರೂ ಓದುವುದಿಲ್ಲ. ನಾಲ್ಕು ನಿಯಮ ಹಾಕಿ, ಹಳೆಯದನ್ನು ನಿಧಾನಕ್ಕೆ ತೊಳೆದು, ಆಮೇಲೆ ಐದನೆಯದು ಹಾಕಬೇಕು. ಮೊರ ಹಿಡಿದವಳು ಅಕ್ಕಿಯನ್ನೇ ಹೊರಗೆ ಚೆಲ್ಲಬಾರದು. ಇನ್ನೊಂದು, ಲಿಂಟ್ ಸರ್ವಜ್ಞನಲ್ಲ. 80 ಅಂದರೆ ಬೆಂಗಳೂರೋ ವಯಸ್ಸೋ ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ, ನಾವು ಟೈಪ್ ಕೊಟ್ಟು ಹೇಳಬೇಕು. 1996ರಲ್ಲಿ ನಾನು ಮಾಡಿದ ಮೂಲ ತಪ್ಪು ಸೊನ್ನೆ ಕಿತ್ತದ್ದಲ್ಲ. ಎಸ್‌ಟಿಡಿ ಕೋಡನ್ನು ಸಂಖ್ಯೆ ಅಂದುಕೊಂಡದ್ದು. ಅದು ಸಂಖ್ಯೆಯಲ್ಲ. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದು ಅಂಕಿಯಲ್ಲಿ ಬರೆದ ಹೆಸರು. ಇವತ್ತು ನಮ್ಮ ತಂಡದಲ್ಲಿ ಪಿನ್‌ಕೋಡು, ಫೋನು, ಎಸ್‌ಟಿಡಿ ಕೋಡು, ಎಲ್ಲಕ್ಕೂ ಬೇರೆ ಬೇರೆ ಟೈಪು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಕಂಪೈಲ್ ಆಗುವುದೇ ಇಲ್ಲ.

ರಾಯರು ಹೋಗಿ ಹನ್ನೆರಡು ವರ್ಷವಾಯಿತು. ಕೊನೆಯ ಸಲ ಬಸವನಗುಡಿಗೆ ಹೋದಾಗ ಆ ಕಾಗದಗಳನ್ನು ತೋರಿಸಿದ್ದರು. ಒಂದೊಂದನ್ನೂ ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಜೋಡಿಸಿಟ್ಟಿದ್ದರು. ಕೆಲವು ಬರೀ ನೀಲಿ ಕಲೆ. "ಚಿಂತೆ ಇಲ್ಲಪ್ಪಾ, ನಂಗೆ ಬಾಯಿಗೆ ಬರ್ತದೆ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರ ಮನೆಯವರು ಕಾಫಿ ತಂದುಕೊಟ್ಟು, "ಅಯ್ಯೋ, ಆ ಹುಡುಗನ್ನ ಇನ್ನೂ ಯಾಕೆ ಅಳಿಸ್ತೀರಿ" ಅಂದರು.

ನನ್ನ ಮನೆಯ ಲ್ಯಾಂಡ್‌ಲೈನು ಇನ್ನೂ ಇದೆ, ಕೋಡು 0120. ಊರಿಂದ ತಂಗಿ ಅದಕ್ಕೇ ಫೋನ್ ಮಾಡುತ್ತಾಳೆ, ಅವಳದು 080. ಸಿ ಭಾಷೆಯ ಲೆಕ್ಕದಲ್ಲಿ ಎರಡೂ ಊರು ಒಂದೇ. ಅದೊಂದೇ ಲೆಕ್ಕದಲ್ಲಿ.

ಬಿಲ್ಟಿಯನ್ನು ಮಡಿಸಿ ಮತ್ತೆ ಸೂಟ್‌ಕೇಸಿನಲ್ಲೇ ಇಟ್ಟಿದ್ದೇನೆ.